ಚಿಕ್ಕಮ್ಮನ ತಾರಸಿಗೆ ಸೋಲಾರ್, ದುಡ್ಡಿನ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಸೋಲಾರ್ ಬಗ್ಗೆ ಮಾತಾಡುವ ಅಂತ ಬಂದದ್ದು, ಅದರಲ್ಲೂ ದುಡ್ಡಿನ ವಿಷಯ, ಯಾಕಂದ್ರೆ ನಮ್ಮ ಉಡುಪಿ ಮಂಗಳೂರು ಕಡೆ ಸೋಲಾರ್ ಬೇಡ ಅನ್ನುವವರು ಕಡಿಮೆ, ಒಟ್ಟಿಗೆ ಅಷ್ಟು ದುಡ್ಡು ಎಲ್ಲಿಂದ ತರುವುದು ಮಾರಾಯ್ರೆ ಅನ್ನುವವರೇ ಜಾಸ್ತಿ.

ಕಲ್ಯಾಣಪುರದಲ್ಲಿ ನನ್ನ ಚಿಕ್ಕಮ್ಮನ ಮನೆ ಉಂಟು. ಬಾವಿಯ ಪಂಪು, ಒಂದು ಎಸಿ, ಎರಡು ಫ್ರಿಜ್ಜು, ತಿಂಗಳಿಗೆ 300 ಯೂನಿಟ್ ದಾಟ್ತದೆ, ಹಾಗಾಗಿ ಗೃಹಜ್ಯೋತಿ ಅವರಿಗೆ ಸಿಗುವುದಿಲ್ಲ, ಮೆಸ್ಕಾಂ ಬಿಲ್ ಎರಡು ಸಾವಿರದ ಮೇಲೆಯೇ. ನಿಮ್ಮ ಮನೆಗೆ ಈಗಾಗ್ಲೇ ಸೊನ್ನೆ ಬಿಲ್ ಬರ್ತಾ ಇದ್ರೆ ಸಾಲ ಮಾಡಿ ಸೋಲಾರ್ ಹಾಕ್ಲಿಕ್ಕೆ ಅವಸರ ಮಾಡ್ಬೇಡಿ, ಇದನ್ನ ನಾನು ಮೊದಲೇ ಹೇಳ್ತೇನೆ.

ಕೇಂದ್ರ ಸರಕಾರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾದದ್ದು. 1 ಕಿಲೋವ್ಯಾಟಿಗೆ 30,000 ರೂಪಾಯಿ ಸಬ್ಸಿಡಿ, 2ಕ್ಕೆ 60,000, 3 ಅಥವಾ ಅದಕ್ಕಿಂತ ಜಾಸ್ತಿ ಹಾಕಿದ್ರೆ 78,000, ಅಲ್ಲಿಗೆ ಮುಗೀತು. 5 ಹಾಕಿದ್ರೂ ಅಷ್ಟೇ, ಹಾಗಾಗಿ ಏಜೆಂಟ್ ಹೇಳಿದ ಅಂತ ದೊಡ್ಡದು ಹಾಕ್ಲಿಕ್ಕೆ ಹೋಗ್ಬೇಡಿ.

ಜನ ಎಡವುವುದು ಎಲ್ಲಿ ಗೊತ್ತುಂಟಾ? ಈ ಸಬ್ಸಿಡಿ ಮೊದಲೇ ಕೈಗೆ ಬರುವುದಲ್ಲ. ಪ್ಯಾನೆಲ್ ಕೂರಿಸಿ, ನೆಟ್ ಮೀಟರ್, ಅಂದ್ರೆ ಲೈನಿನಿಂದ ಬಂದ ಕರೆಂಟು, ನಾವು ಲೈನಿಗೆ ಕೊಟ್ಟ ಕರೆಂಟು ಎರಡನ್ನೂ ಲೆಕ್ಕ ಹಾಕುವ ಮೀಟರ್ ಆಗಿ, ಎಲ್ಲ ಚೆಕ್ ಆದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಬೀಳುವುದು. ಇನ್ನೊಂದು, ಪ್ಯಾನೆಲ್ ಮಾತ್ರ ಅಲ್ಲ, ಅದರ ಒಳಗಿನ ಸೆಲ್ ಕೂಡ ಭಾರತದಲ್ಲೇ ಮಾಡಿದ್ದು ಆಗ್ಬೇಕು, ಇಂಥದ್ದಕ್ಕೆ ಡಿಸಿಆರ್ ಪ್ಯಾನೆಲ್ ಅಂತ ಹೇಳುವುದು. ಚಿಕ್ಕಮ್ಮನ ಪಕ್ಕದ ಮನೆಯವರಿಗೆ ಒಬ್ಬ ಕಡಿಮೆ ರೇಟಿಗೆ ಕೊಡ್ತೇನೆ ಅಂತ ಹೇಳಿ ಬೇರೆ ಮಾಲು ಕೂರಿಸಿಬಿಟ್ಟ, ಸಬ್ಸಿಡಿ ಬರ್ಲೇ ಇಲ್ಲ, ಪಾಪ ಆ ಅಜ್ಜ ಎಷ್ಟು ಬೇಜಾರು ಮಾಡಿಕೊಂಡ್ರು ಅಂದ್ರೆ ತಾರಸಿಗೆ ಹತ್ತುವುದೇ ಬಿಟ್ರು. ಡಿಸಿಆರ್ ಪ್ಯಾನೆಲ್ ಅಂತ ಕೊಟೇಶನ್ನಲ್ಲೇ ಬರೆಸಿಕೊಳ್ಳಿ.

ಉಳಿದ ದುಡ್ಡಿಗೆ ಬ್ಯಾಂಕ್ ಸಾಲ ಉಂಟು, 3 ಕಿಲೋವ್ಯಾಟಿನವರೆಗೆ 2 ಲಕ್ಷದ ತನಕ, ಜಾಗ ಚಿನ್ನ ಯಾವುದೂ ಅಡ ಇಡ್ಬೇಕಾಗಿಲ್ಲ, ಕೈಯಿಂದ ಶೇಕಡಾ 10ರಷ್ಟು ಹಾಕ್ಬೇಕು. 1 ಲಕ್ಷ ಸಾಲಕ್ಕೆ ಬಡ್ಡಿ ಶೇಕಡಾ 7 ಅಂತ ಹಿಡಿದು ಹತ್ತು ವರ್ಷಕ್ಕೆ ಲೆಕ್ಕ ಹಾಕಿದ್ರೆ ಕಂತು ತಿಂಗಳಿಗೆ ಸುಮಾರು 1,160 ರೂಪಾಯಿ, ಅಂದ್ರೆ ದಿನಕ್ಕೆ 40 ರೂಪಾಯಿಯೂ ಇಲ್ಲ. ದಿನದ ಲೆಕ್ಕ ನಮಗೆ ಹೊಸತಾ? 1928ರಲ್ಲಿ ಇದೇ ಉಡುಪಿಯ ಡಾಕ್ಟರ್ ಟಿ.ಎಂ.ಎ. ಪೈಗಳು ಪಿಗ್ಮಿ ಶುರು ಮಾಡಿ ಮನೆಮನೆಯಿಂದ ದಿನಕ್ಕೆ ಎರಡಾಣೆ ಕೂಡಿಸಿದ ಊರು ಇದು.

ಮಳೆಗಾಲದ್ದು ಒಂದು ಮಾತು. ಬಿಸಿಲು ಸರಿ ಇದ್ರೆ 1 ಕಿಲೋವ್ಯಾಟ್ ದಿನಕ್ಕೆ 4 ಯೂನಿಟ್ ಕೊಡ್ತದೆ, ಆದ್ರೆ ನಮ್ಮ ಜೂನ್ ಜುಲೈ ನಿಮಗೆ ಗೊತ್ತುಂಟಲ್ಲ, ಆಗ ಕರೆಂಟ್ ಕಡಿಮೆ, ಕಂತು ಮಾತ್ರ ಅಷ್ಟೇ. ಹಾಗಾಗಿ ಏಪ್ರಿಲ್ ಬಿಲ್ ಒಂದೇ ನೋಡಿ ಲೆಕ್ಕ ಹಾಕ್ಬೇಡಿ, ಹನ್ನೆರಡು ತಿಂಗಳ ಬಿಲ್ ಹರಡಿಕೊಂಡು ಕೂತುಕೊಳ್ಳಿ. ತೆಂಗಿನ ಮರ ಕೂಡ ನೋಡಿ, ಒಂದು ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ರೂ ಅದರ ಸಾಲಿನಲ್ಲಿರುವ ಬೇರೆ ಪ್ಯಾನೆಲ್‌ಗಳ ಕರೆಂಟೂ ಇಳೀಬಹುದು. ಚಿಕ್ಕಮ್ಮನ ತಾರಸಿಗೆ ಮೂರು ಗಂಟೆ ಮೇಲೆ ಪಡುವಣ ಬದಿಯ ಮರದ ನೆರಳು ಬರ್ತಿತ್ತು, ಹಲಸಿನ ಹಪ್ಪಳ ಒಣಗಿಸಿ ಒಣಗಿಸಿ ಅವರಿಗೆ ನೆರಳಿನ ದಾರಿ ಬಾಯಿಪಾಠ, ಎಲ್ಲಿ ಕೂರಿಸ್ಬೇಕು ಅಂತ ಕೆಲಸದವರಿಗೆ ಅವರೇ ತೋರಿಸಿದ್ದು.

ಸಬ್ಸಿಡಿ ಬಂದ ವಾರವೇ ಅದನ್ನ ಪೂರ್ತಿ ಸಾಲಕ್ಕೆ ಕಟ್ಟಿದ್ರು. ಉಳಿದ ಕಂತಿಗೆ ಅಂತ ಅಡುಗೆಮನೆಯಲ್ಲಿ ಒಂದು ಹಳೇ ಹಾರ್ಲಿಕ್ಸ್ ಬಾಟ್ಲಿ ಇಟ್ಟಿದ್ದಾರೆ, ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅದಕ್ಕೆ 40 ರೂಪಾಯಿ ಹಾಕ್ತಾರೆ.