16,000 ಪಾಯಿಂಟ್‌ಗೆ ಚಿಕ್ಕಮಗಳೂರಿನಲ್ಲಿ ಎರಡು ರಾತ್ರಿ: ಉಳಿದದ್ದು ನಿಜಕ್ಕೂ ಎಷ್ಟು?

(ದೃಶ್ಯ: ರಿಸಾರ್ಟ್ ಕೋಣೆಯ ಮೇಜು. ಕೆಟಲ್, ಎರಡು ಕಪ್, ಇನ್‌ಸ್ಟಂಟ್ ಕಾಫಿಯ ಪೊಟ್ಟಣ. ಕಿಟಕಿಯಾಚೆ ಕಾಫಿ ಗಿಡಗಳು.)

ಈ ಪೊಟ್ಟಣ ನೋಡಿ. ಇನ್‌ಸ್ಟಂಟ್ ಕಾಫಿ. ಬಾಬಾಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜ ತಂದು ನೆಟ್ಟರು ಅನ್ನುತ್ತಾರಲ್ಲ, ಆ ಗಿರಿ ಇರುವ ಊರಿದು. ಕಿಟಕಿಯಿಂದ ಕೈ ಚಾಚಿದರೆ ಗಿಡ ಸಿಗುತ್ತದೆ. ಕೋಣೆಯೊಳಗೆ ಮಾತ್ರ ಇದು.

ನಮ್ಮ ಅತ್ತೆ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದಕ್ಕೇನೇ ನೀನು ದುಡ್ಡು ಕೊಟ್ಟಿದ್ದು?" ಅಂದರು.

"ದುಡ್ಡಲ್ಲ ಅತ್ತೆ, ಕ್ರೆಡಿಟ್ ಕಾರ್ಡಿನ ಪಾಯಿಂಟ್."

"ಪಾಯಿಂಟ್ ಅಂದ್ರೆ ದುಡ್ಡಲ್ವಾ?"

ನಮಸ್ಕಾರ. ಅತ್ತೆಯ ಈ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ಆ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

(ದೃಶ್ಯ: ಹಾಸನ–ಬೇಲೂರು ರಸ್ತೆ, ಕಾರಿನೊಳಗಿಂದ.)

ನಾವು ಹಾಸನದವರು. ಚಿಕ್ಕಮಗಳೂರು ನಮಗೆ ಬೇಲೂರು ಮೇಲೆ ಅರವತ್ತು ಚಿಲ್ಲರೆ ಕಿಲೋಮೀಟರ್. ಇಷ್ಟು ಹತ್ತಿರದ ಊರಿಗೆ ಹೋಗಿ ಉಳಿಯೋದೇ ಅತ್ತೆಗೆ ಹಿಡಿಸಿರಲಿಲ್ಲ. ಅವರ ತವರು ಮೂಡಿಗೆರೆ ಕಡೆ. "ಅಲ್ಲ ಕಣೇ, ತೋಟದಲ್ಲಿ ಮಲಗೋಕೆ ಯಾರಾದ್ರೂ ದುಡ್ಡು ಕೊಡ್ತಾರಾ?" ಅಂತ ದಾರಿಯುದ್ದಕ್ಕೂ ಕೇಳುತ್ತಿದ್ದರು. ಹೊರಟವರು ನಾನು, ನನ್ನ ಗಂಡ, ಆರು ವರ್ಷದ ಮಗ, ಅತ್ತೆ. ದಸರಾ ರಜೆಯ ಕೊನೆಯ ವಾರ, ಮಂಗಳವಾರ ಮತ್ತು ಬುಧವಾರದ ರಾತ್ರಿ.

ಪಾಯಿಂಟ್ ಎಲ್ಲಿಂದ ಬಂತು? ನನ್ನ ಕ್ರೆಡಿಟ್ ಕಾರ್ಡಿನಲ್ಲಿ 150 ರೂಪಾಯಿ ಖರ್ಚಿಗೆ 4 ಪಾಯಿಂಟ್. ಮಗನ ಶಾಲೆ ಫೀಸು, ವಿಮೆ, ದಿನಸಿ, ಒಂದು ಫ್ರಿಜ್, ಎಲ್ಲಾ ಸೇರಿ ಎರಡು ವರ್ಷಕ್ಕೆ 6 ಲಕ್ಷ. ಅದಕ್ಕೆ 16,000 ಪಾಯಿಂಟ್. ಪೆಟ್ರೋಲು, ಮನೆ ಬಾಡಿಗೆ, ವಾಲೆಟ್‌ಗೆ ಹಣ ಹಾಕೋದು, ಇವಕ್ಕೆಲ್ಲ ಹಲವು ಕಾರ್ಡುಗಳಲ್ಲಿ ಪಾಯಿಂಟ್ ಕೊಡುವುದೇ ಇಲ್ಲ. ನಿಮ್ಮ ಕಾರ್ಡಿನ ನಿಯಮ ಒಮ್ಮೆ ಓದಿಕೊಳ್ಳಿ.

(ತೆರೆಯ ಮೇಲೆ: ಒಂದು ಪಾಯಿಂಟ್‌ಗೆ ಸಿಗುವುದು: ಕಾರ್ಡ್ ಬಿಲ್ಲಿಗೆ ವಜಾ – 20 ಪೈಸೆ. ಗಿಫ್ಟ್ ವೋಚರ್ – 35 ಪೈಸೆ. ಹೋಟೆಲ್, ವಿಮಾನ – 50 ಪೈಸೆ.)

ಈಗ ಮುಖ್ಯ ವಿಷಯ. ಪಾಯಿಂಟ್‌ಗೆ ನೋಟಿನ ಹಾಗೆ ಒಂದೇ ಬೆಲೆ ಇರುವುದಿಲ್ಲ. ನನ್ನ ಕಾರ್ಡಿನದ್ದೇ ಉದಾಹರಣೆ. ಅದೇ 16,000 ಪಾಯಿಂಟನ್ನು ಕಾರ್ಡ್ ಬಿಲ್ಲಿಗೆ ಹಾಕಿಸಿಕೊಂಡರೆ 3,200 ರೂಪಾಯಿ. ಬ್ಯಾಂಕಿನ ಟ್ರಾವೆಲ್ ಪೋರ್ಟಲ್‌ನಲ್ಲಿ, ಅಂದರೆ ಹೋಟೆಲ್, ವಿಮಾನ ಬುಕ್ ಮಾಡುವ ಅವರ ವೆಬ್‌ಸೈಟಿನಲ್ಲಿ, ಹೋಟೆಲ್ ಬುಕ್ ಮಾಡಿದರೆ 8,000. ನಾನು 8,000 ಅಂತ ನೋಡಿದ್ದೇ ತಡ, ರಿಸಾರ್ಟ್ ಹುಡುಕೋಕೆ ಕೂತೆ. ಅಲ್ಲೇ ಒಂದು ತಪ್ಪು ಮಾಡಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಶನಿವಾರದ ದರ ಕೋಣೆಗೆ 11,500 ಇತ್ತು. ಮಂಗಳವಾರ 7,200. ಇಲ್ಲಿ ಒಂದು ಮಜಾ ಇದೆ. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5. ಮೊದಲು ಶೇ 12 ಇತ್ತು. 7,500 ದಾಟಿತೋ, ಶೇ 18.

(ತೆರೆಯ ಮೇಲೆ: 7,500 + ಶೇ 5 = 7,875. 7,600 + ಶೇ 18 = 8,968.)

ನೋಡಿದ್ರಾ? ದರದಲ್ಲಿ ನೂರು ರೂಪಾಯಿ ವ್ಯತ್ಯಾಸ, ಬಿಲ್ಲಿನಲ್ಲಿ 1,093. ಹಾಗಾಗಿ 7,600, 7,800ರ ಕೋಣೆ ಕಂಡರೆ ದಿನ ಬದಲಾಯಿಸಿ ನೋಡಿ, ಅಥವಾ ಸ್ವಲ್ಪ ಚಿಕ್ಕ ಕೋಣೆ ನೋಡಿ. ವಾರದ ನಡುವೆ ಹೋದರೆ ನಮ್ಮ ಕಡೆಯ ಎಷ್ಟೋ ರಿಸಾರ್ಟ್‌ಗಳು ಈ ಗೆರೆಯ ಕೆಳಗೆ ಬರುತ್ತವೆ.

ನಮ್ಮದು ಎರಡು ರಾತ್ರಿಗೆ 14,400, ತೆರಿಗೆ 720, ಒಟ್ಟು 15,120. ನನ್ನ ಬ್ಯಾಂಕ್ ಬಿಲ್ಲಿನ ಶೇ 70ರವರೆಗೆ ಪಾಯಿಂಟ್ ಬಳಸೋಕೆ ಬಿಡುತ್ತದೆ. ನನ್ನ ಹತ್ತಿರ ಅಷ್ಟಿರಲಿಲ್ಲ. ಇದ್ದ 8,000ವನ್ನೂ ಹಾಕಿದೆ, ಮಿಕ್ಕ 7,120 ಕಾರ್ಡಿನಲ್ಲಿ ಕಟ್ಟಿದೆ. ಪಾಯಿಂಟ್ ಬಳಸಿದ್ದಕ್ಕೆ 99 ರೂಪಾಯಿ ಶುಲ್ಕ, ಅದರ ಮೇಲೆ ಜಿಎಸ್‌ಟಿ, ಸುಮಾರು 117. ನಮ್ಮದೇ ಪಾಯಿಂಟ್ ನಾವು ಬಳಸೋಕೆ ಶುಲ್ಕ! ಇರಲಿ.

(ದೃಶ್ಯ: ಬೇಲೂರು ದೇವಸ್ಥಾನದ ಹೊರಗೋಡೆ, ಮದನಿಕೆಯ ಸಮೀಪ ನೋಟ.)

ಚೆಕ್-ಇನ್ ಮಧ್ಯಾಹ್ನ ಎರಡಕ್ಕೆ. ಬೆಳಿಗ್ಗೆ ಹೊರಟು ಬೇಲೂರಿನಲ್ಲಿ ಇಳಿದುಕೊಂಡೆವು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನ. 2023ರಿಂದ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಯಲ್ಲೂ ಇದೆ. ಹಾಸನದವರಾಗಿ ನಾವು ಹೋಗದೆ ಆರು ವರ್ಷ ಆಗಿತ್ತು, ನಾಚಿಕೆ ಅನ್ನಿಸಿತು.

ಎರಡು ಗಂಟೆಗೆ ರಿಸಾರ್ಟ್. ರಿಸೆಪ್ಷನ್‌ನಲ್ಲಿದ್ದ ಹುಡುಗ ಅತ್ತೆಯನ್ನು ನೋಡಿದ, ಕಂಪ್ಯೂಟರ್ ನೋಡಿದ. "ಮೇಡಂ, ಇದರಲ್ಲಿ ಇಬ್ಬರು ದೊಡ್ಡವರು, ಒಂದು ಮಗು ಅಂತ ಇದೆ." ಹೌದು. ಪೋರ್ಟಲ್‌ನಲ್ಲಿ ಮೂರನೆಯ ದೊಡ್ಡವರನ್ನು ಸೇರಿಸೋಕೆ ಮರೆತಿದ್ದೆ. ಹೆಚ್ಚುವರಿ ಹಾಸಿಗೆಗೆ ತೆರಿಗೆ ಸೇರಿ ದಿನಕ್ಕೆ 2,500, ಎರಡು ದಿನಕ್ಕೆ 5,000. ಅದನ್ನು ಪಾಯಿಂಟಲ್ಲಿ ಕಟ್ಟೋಕೆ ಆಗಲ್ಲ, ಅದು ಬ್ಯಾಂಕಿನ ಪೋರ್ಟಲ್ ಅಲ್ಲ, ಹೋಟೆಲ್ ಕೌಂಟರ್. ಅತ್ತೆ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. "ನಾನು ಬರಲ್ಲ ಅಂದಿದ್ದೆ" ಅಂದರು. ಅವರು ಹಾಗೆ ಅಂದಿರಲಿಲ್ಲ.

ಸಂಜೆ ರಿಸಾರ್ಟಿನ ತೋಟದಲ್ಲಿ ಸುತ್ತಾಡಿದೆವು. ಕಾಯಿ ಇನ್ನೂ ಹಸಿರು. ಮಗ ಈಜುಕೊಳ ಬಿಟ್ಟು ಬರಲಿಲ್ಲ. ಅತ್ತೆ ಮರಗಳ ಕಡೆ ತಲೆ ಎತ್ತಿ, "ಇವರು ಮರಗಸಿ ಮಾಡಿಸಿ ಯಾವ ಕಾಲ ಆಯ್ತೋ, ಗಿಡಕ್ಕೆ ಬಿಸಿಲೇ ಬೀಳ್ತಿಲ್ಲ" ಅಂದರು. ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಸವರೋದು. ತೋಟ ನೋಡೋಕೆ ಚೆಂದ ಇದ್ದರೆ ರಿಸಾರ್ಟಿನವರಿಗೆ ಸಾಕಲ್ವಾ, ಅದು ಫೋಟೋಗೆ ಇರೋದು.

(ದೃಶ್ಯ: ಬೆಳಗಿನ ತಿಂಡಿಯ ಮೇಜು. ಅಕ್ಕಿ ರೊಟ್ಟಿ, ಕಡುಬು, ಚಟ್ನಿ.)

ಮಾರನೇ ದಿನ ತಿಂಡಿಗೆ ಕೂತಾಗ ಪಕ್ಕದ ಮೇಜಿನಲ್ಲಿ ಕಡೂರಿನ ಒಂದು ಕುಟುಂಬ. ಮಾತಿಗೆ ಮಾತು ಬಂದು ದರದ ವಿಷಯ ಬಂತು. ಅವರು ನೇರ ರಿಸಾರ್ಟಿಗೇ ಫೋನ್ ಮಾಡಿ ಕೇಳಿದ್ದರಂತೆ. ಅದೇ ಕೋಣೆ, ಅದೇ ತಿಂಡಿ, 6,500.

ನಾನು ಆಗ ಹೇಳಿದ ತಪ್ಪು ಇದೇ, ನೇರ ದರ ಕೇಳದೆ ಬುಕ್ ಮಾಡಿದ್ದು. ಎರಡು ರಾತ್ರಿಗೆ 13,000, ಶೇ 5 ಸೇರಿ 13,650. ನನ್ನ ಪೋರ್ಟಲ್ ಬಿಲ್ 15,120. ಅಂದರೆ 1,470 ಜಾಸ್ತಿ ದರದ ಮೇಲೆ ನಾನು 8,000 ಬಿಡಿಸಿಕೊಂಡಿದ್ದೆ.

(ತೆರೆಯ ಮೇಲೆ: 8,000 – 1,470 – 117 = 6,413. ಅದನ್ನು 16,000ದಿಂದ ಭಾಗಿಸಿದರೆ 40 ಪೈಸೆ.)

ಬ್ಯಾಂಕ್ ಹೇಳಿದ್ದು 50 ಪೈಸೆ, ನನಗೆ ಸಿಕ್ಕಿದ್ದು 40. ಬಿಲ್ಲಿಗೆ ವಜಾ ಮಾಡಿಸಿಕೊಳ್ಳುವ 20 ಪೈಸೆಗಿಂತ ಇದು ಎಷ್ಟೋ ವಾಸಿ, ಬೇಜಾರಿಲ್ಲ. ಆದರೆ ಈಗ ನಾನು ಮೊದಲು ಫೋನ್ ಮಾಡುತ್ತೇನೆ. ನೇರ ದರ ಕೇಳುತ್ತೇನೆ, ಹೆಚ್ಚುವರಿ ಹಾಸಿಗೆಗೆ ಎಷ್ಟು ಅಂತ ಕೇಳುತ್ತೇನೆ. ಆಮೇಲೆ ಪೋರ್ಟಲ್. ವ್ಯತ್ಯಾಸ ತುಂಬಾ ಇದ್ದರೆ ಪಾಯಿಂಟನ್ನು ವಿಮಾನದ ಟಿಕೆಟ್ಟಿಗೆ ಇಟ್ಟುಕೊಂಡು ಕೋಣೆಗೆ ದುಡ್ಡೇ ಕೊಟ್ಟುಬಿಡೋದು. ಸುಮ್ನೆ ಇಟ್ಟುಕೊಂಡೇ ಕೂರಬೇಡಿ ಮತ್ತೆ, ಹಲವು ಕಾರ್ಡುಗಳಲ್ಲಿ ಎರಡು ಮೂರು ವರ್ಷಕ್ಕೆ ಪಾಯಿಂಟ್ ರದ್ದಾಗುತ್ತದೆ.

ಹೋಟೆಲುಗಳದ್ದೇ ಪಾಯಿಂಟ್ ಇರುವವರ ಕತೆ ಬೇರೆ. ಟಾಟಾದ ನ್ಯೂಕಾಯಿನ್ ಒಂದಕ್ಕೆ ಒಂದು ರೂಪಾಯಿ, ತಾಜ್ ಹೋಟೆಲುಗಳಲ್ಲಿ ನಡೆಯುತ್ತದೆ. ಮ್ಯಾರಿಯಟ್ ಪಾಯಿಂಟ್ ಇದ್ದರೆ ಮಡಿಕೇರಿಯಲ್ಲಿ ಅವರ ರಿಸಾರ್ಟ್ ಇದೆ. ಆದರೆ ನಮ್ಮ ಮಲೆನಾಡಿನ ನಿಜವಾದ ರುಚಿ ಇರುವುದು ಹೋಂಸ್ಟೇಗಳಲ್ಲಿ, ಅಲ್ಲಿ ಹೆಚ್ಚಿನ ಕಡೆ ಯಾವ ಪಾಯಿಂಟೂ ನಡೆಯಲ್ಲ. ಫೋನ್ ಮಾಡಬೇಕು, ಮುಂಗಡ ಕಳಿಸಬೇಕು. ಇದು ನನ್ನ ಅಭಿಪ್ರಾಯ: ದೊಡ್ಡವರನ್ನು ಕರೆದುಕೊಂಡು ಹೋಗುವುದಾದರೆ ಹೋಂಸ್ಟೇ, ಮಕ್ಕಳಿಗೆ ಈಜುಕೊಳ ಬೇಕಾದರೆ ರಿಸಾರ್ಟ್.

ಒಂದು ಎಚ್ಚರಿಕೆ. ನನ್ನ 6 ಲಕ್ಷದ ಖರ್ಚಿಗೆ ಪಾಯಿಂಟ್ ಬಂದದ್ದು ಬ್ಯಾಂಕಿನ ಲೆಕ್ಕದಲ್ಲೇ ನೂರಕ್ಕೆ 1 ರೂಪಾಯಿ 33 ಪೈಸೆ. ಕಾರ್ಡ್ ಬಿಲ್ ಪೂರ್ತಿ ಕಟ್ಟದೆ ಉಳಿಸಿಕೊಂಡರೆ ಹಲವು ಬ್ಯಾಂಕುಗಳ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿಗೂ ಜಾಸ್ತಿ. ಬಿಲ್ ಬಾಕಿ ಇಟ್ಟುಕೊಂಡು ಪಾಯಿಂಟ್ ಕೂಡಿಸೋಕೆ ಹೋಗಬೇಡಿ.

ನಮ್ಮ ಕೈಯಿಂದ ಕೊನೆಗೆ ಹೋದದ್ದು: ಕೋಣೆಗೆ 7,120, ಶುಲ್ಕ 117, ಹಾಸಿಗೆಗೆ 5,000, ಊಟಕ್ಕೆ 4,300. ಒಟ್ಟು 16,537. ಪೆಟ್ರೋಲ್ ಬೇರೆ. ಮುಳ್ಳಯ್ಯನಗಿರಿಗೆ ಹೋಗುವ ಯೋಚನೆಯೂ ಇತ್ತು. ಅಲ್ಲಿಗೆ ಈಗ ವಾಹನಕ್ಕೆ ಆನ್‌ಲೈನ್‌ನಲ್ಲಿ ಮುಂಚೆಯೇ ಬುಕ್ ಮಾಡಬೇಕು. ನಾವು ಮಾಡಿರಲಿಲ್ಲ.

(ದೃಶ್ಯ: ಪೇಟೆಯ ಕಾಫಿ ಪುಡಿ ಅಂಗಡಿ. ಗಿರಣಿಯಿಂದ ಪುಡಿ ಬೀಳುತ್ತಿದೆ.)

ಬದಲಿಗೆ ಬುಧವಾರ ಸಂಜೆ ಪೇಟೆಗೆ ಹೋದೆವು. ಅತ್ತೆ ಚಿಕೋರಿ ಹಾಕದ ಪುಡಿ ಅರ್ಧ ಕೆಜಿ ಬೀಸಿಸಿಕೊಂಡರು. ಪಕ್ಕದ ಪಾತ್ರೆ ಅಂಗಡಿಯಲ್ಲಿ ಒಂದು ಪುಟ್ಟ ಸ್ಟೀಲ್ ಫಿಲ್ಟರ್. ಬೆಳಿಗ್ಗೆ ಆ ಕೆಟಲ್ಲಿನ ನೀರಲ್ಲೇ ಡಿಕಾಕ್ಷನ್ ಇಳಿಸಿ, ಅಡುಗೆಮನೆಯಿಂದ ಹಾಲು ತರಿಸಿ, ನಾಲ್ಕು ದಿನದ ಮೇಲೆ ಕಾಫಿ ಕಂಡವರ ಹಾಗೆ ಕುಡಿದರು.

ಫಿಲ್ಟರಿಗೆ 460 ರೂಪಾಯಿ, ಕಾರ್ಡ್ ಉಜ್ಜಿದ್ದೆ.

"ಇದಕ್ಕೂ ಪಾಯಿಂಟ್ ಬಂತಾ?"

"ಬಂತು ಅತ್ತೆ. 12 ಪಾಯಿಂಟ್."

"ಅಂದ್ರೆ ಎಷ್ಟು?"

"ನಾಲ್ಕು ರೂಪಾಯಿ ಎಂಬತ್ತು ಪೈಸೆ."

ಅತ್ತೆ ಲೋಟ ಕೆಳಗಿಟ್ಟು, "ಹಾಲಿಗೂ ಸಾಲಲ್ಲ" ಅಂದರು.