ಟೊಂಗೆಗೂ ಒಂದು ಕೊರಳಿದೆ

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ರೈತ ಬಾಂಧವರಿಗೂ, ಅಂಗಳದಲ್ಲಿ ಒಂದೇ ಒಂದು ಬೇವಿನ ಮರವನ್ನು ಸಾಕಿಕೊಂಡಿರುವ ತಾಯಂದಿರಿಗೂ ನಮಸ್ಕಾರ. ಟೊಂಗೆ ಮತ್ತು ಎಲೆಗಳು ಕಾಂಡಕ್ಕೆ ಹೇಗೆ ಕೂಡಿಕೊಂಡಿರುತ್ತವೆ ಎಂಬುದನ್ನು ತಿಳಿಸಲು ನನ್ನನ್ನು ಕರೆದಿದ್ದಾರೆ. ನಾನು ಹೇಳಬೇಕಾದದ್ದು ಒಂದೇ ಮಾತು: ಟೊಂಗೆಯನ್ನು ಕಡಿಯಿರಿ, ಅದರ ಕೊರಳನ್ನು ಕಡಿಯಬೇಡಿ.

ಟೊಂಗೆಯು ಕಾಂಡವನ್ನು ಸೇರುವಲ್ಲಿ, ಬಳೆ ತೊಡಿಸಿದಂತೆ, ತುಸು ಉಬ್ಬು ಇರುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಗೊತ್ತಾಗುತ್ತದೆ. ಅದೇ ಕೊರಳು. ಟೊಂಗೆಯೆಂದರೆ ಗೋಡೆಗೆ ಬಡಿದ ಕುಳ್ಳಿನಂತೆ ಹೊರಗಿನಿಂದ ಅಂಟಿಕೊಂಡದ್ದಲ್ಲ. ಅದು ಎಲೆಯ ಕಂಕುಳಿನಲ್ಲಿ ಮೊಗ್ಗಾಗಿ ಹುಟ್ಟಿ, ಬೆಳೆದಂತೆಲ್ಲ ಅದರ ಬುಡದ ಮೇಲೆ ಕಾಂಡದ ಹೊಸ ಕಟ್ಟಿಗೆ ವರ್ಷವರ್ಷವೂ ಸುತ್ತಿಕೊಳ್ಳುತ್ತ ಹೋಗುವುದರಿಂದ, ಗೂಟದಂತೆ ಮರದ ತಿರುಳಿನವರೆಗೂ ಹುದುಗಿರುತ್ತದೆ. ಬಡಿಗರು ಹಲಗೆಯಲ್ಲಿ ಕಂಡು ಬೈದುಕೊಳ್ಳುವ ಗಂಟು ಇದೇ. ಅಮೆರಿಕದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, ಈ ಹೊಂದಾಣಿಕೆಯನ್ನು 1985ರಲ್ಲಿ ವಿವರಿಸಿದರು. ಕೊರಳು ಕಾಂಡದ ಸೊತ್ತು. ಅದನ್ನು ಕಡಿದರೆ ಗಾಯವಾಗುವುದು ಕಾಂಡಕ್ಕೆ.

ಹುನಗುಂದ ತಾಲ್ಲೂಕಿನ ನಮ್ಮ ಮನೆಯ ಮುಂದೆ ಒಂದು ಬೇವಿನ ಮರವಿತ್ತು. ಅದರ ದಪ್ಪ ಟೊಂಗೆಯೊಂದು ಮಾಳಿಗೆಯ ಮೇಲೆ ಬಾಗಿತೆಂದು ನಮ್ಮ ತಂದೆಯವರು ಗರಗಸ ಹಿಡಿದ ಆಳನ್ನು ಕರೆಸಿ, ಕಾಂಡಕ್ಕೆ ಸಮನಾಗಿ, ಕೈಯಾಡಿಸಿದರೆ ಎಡವದಂತೆ ನುಣ್ಣಗೆ ಕೊಯ್ಯಿಸಿದರು. ಮೇಲೆ ಡಾಂಬರನ್ನೂ ಬಳಿಸಿದರು. ಊರವರೆಲ್ಲ ಕೆಲಸವನ್ನು ಹೊಗಳಿದರು. ಅದೇ ದಿನ ಇನ್ನೊಂದು ಟೊಂಗೆಯನ್ನು ಕೊಯ್ಯಲು ಹತ್ತಿದ ನನ್ನ ತಮ್ಮನಿಗೆ ಬುಡದವರೆಗೆ ಕೈ ಎಟುಕದೆ, ಎರಡು ಬೆರಳಷ್ಟು ಹೊರಗೇ ಕೊಯ್ದು ಇಳಿದು ಬಂದನು. ಸೋಮಾರಿ ಎಂದು ಬೈಸಿಕೊಂಡನು. ತಂದೆಯವರ ನುಣುಪಾದ ಗಾಯ ಡಾಂಬರಿನ ಕೆಳಗೆ ಮೆತ್ತಗಾಗಿ, ಪೊಟರೆಯಾಗಿ, ಗಿಳಿಗಳು ಸಂಸಾರ ಹೂಡಿದವು. ತಮ್ಮನ ಗಾಯದ ಸುತ್ತ ತೊಗಟೆ ಉಂಗುರದಂತೆ ಉಬ್ಬಿ, ಕೆಲವೇ ವರ್ಷಗಳಲ್ಲಿ ಬಾಯಿ ಮುಚ್ಚಿತು. ಕೊನೆಗೊಂದು ಮೇ ತಿಂಗಳಿನ ಬಿರುಗಾಳಿಗೆ ಮರ ಸರಿಯಾಗಿ ಪೊಟರೆಯ ಮಟ್ಟದಲ್ಲೇ ಮುರಿದು ದನದ ಕೊಟ್ಟಿಗೆಯ ಮೇಲೆ ಬಿತ್ತು. ಅದನ್ನು ಸೀಳಿದಾಗ ಕಂಡದ್ದನ್ನು ನಾನು ಮರೆತಿಲ್ಲ: ಟೊಂಗೆ ಕಡಿದ ವರ್ಷ ಮರ ಎಷ್ಟು ದಪ್ಪವಿತ್ತೋ ಅಷ್ಟು ಭಾಗ ಕೊಳೆತಿತ್ತು, ಆಮೇಲೆ ಬೆಳೆದ ಕಟ್ಟಿಗೆ ಗಟ್ಟಿಯಾಗಿತ್ತು. ಮರವು ಹಳೆಯ ಗಾಯವನ್ನು ವಾಸಿ ಮಾಡುವುದಿಲ್ಲ, ಅದರ ಸುತ್ತ ಗೋಡೆ ಕಟ್ಟಿ ಮುಂದೆ ಬೆಳೆಯುತ್ತದೆ. ಆ ಗೋಡೆಯನ್ನು ಬೇಗ ಕಟ್ಟಲು ಬೇಕಾದ ಬಲ ಕೊರಳಿನಲ್ಲಿದೆ. ಡಾಂಬರಿನಲ್ಲಿ ಇಲ್ಲ, ದಯವಿಟ್ಟು ಅದನ್ನು ರಸ್ತೆಗೇ ಬಿಡಿ.

ಹಾಗೆಂದು ಮೊಳದುದ್ದದ ಮೋಟು ಬಿಡುವುದೂ ತಪ್ಪೇ. ಅದು ಒಣಗಿ ನಿಂತರೆ ಗಾಯ ಮುಚ್ಚುವುದಕ್ಕೆ ಅಡ್ಡಿ. ಕೊರಳಿನ ಅಂಚಿನಾಚೆ ಕೊಯ್ಯಿರಿ. ಭಾರದ ಟೊಂಗೆಯಾದರೆ ಮೊದಲು ದೂರದಲ್ಲಿ ಅಡಿಯಿಂದ ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಕೊಯ್ದು ಇಳಿಸಿ. ಇಲ್ಲದಿದ್ದರೆ ಬೀಳುವ ಟೊಂಗೆ ಕಾಂಡದ ತೊಗಟೆಯನ್ನು ಸಿಗಿದುಕೊಂಡು ಹೋಗುತ್ತದೆ.

ಎಲೆಯ ವಿಷಯಕ್ಕೆ ಸಮಯ ಕಡಿಮೆ ಉಳಿದಿದೆ. ಟೊಂಗೆ ಉಳಿಯುವುದಕ್ಕೆ ಕೂಡಿಕೊಂಡರೆ ಎಲೆ ಕಳಚುವುದಕ್ಕೇ ಕೂಡಿಕೊಂಡಿರುತ್ತದೆ. ತೊಟ್ಟಿನ ಬುಡದಲ್ಲಿ ತೆಳುವಾದ ಪದರವೊಂದು ಸಡಿಲಗೊಂಡು ಎಲೆ ಬೀಳುತ್ತದೆ, ಗಾಯಕ್ಕೆ ಬೆಂಡಿನ ಮುಚ್ಚಳ ಬೀಳುತ್ತದೆ. ದಾಳಿಂಬೆಯಲ್ಲಿ ಬಹಾರ ಹಿಡಿಯುವಾಗ, ಎಂದರೆ ಗಿಡವೆಲ್ಲ ಒಮ್ಮೆಗೇ ಹೂ ಬಿಡುವಂತೆ ಮಾಡುವಾಗ, ಎಲೆ ಉದುರಿಸಲು ನೀವು ಹೊಡೆಯುವ ಎಥ್ರೆಲ್ ಔಷಧಿ ಸಡಿಲಿಸುವುದು ಈ ಪದರವನ್ನೇ. ಎಲೆ ಬಿದ್ದ ಗುರುತಿನ ನೆತ್ತಿಯಲ್ಲಿ ಮೊಗ್ಗು ಕುಳಿತಿರುತ್ತದೆ. ಇಂಡಿ ತಾಲ್ಲೂಕಿನ ನಿಂಬೆಯಲ್ಲಿ ನಿಮ್ಮ ಕೈ ಗೀರುವ ಮುಳ್ಳು ಕೂಡ ಎಲೆಯ ಕಂಕುಳಿನಲ್ಲಿ ಹುಟ್ಟಿದ, ರೂಪ ಬದಲಿಸಿದ ಟೊಂಗೆಯೇ. ತಿಕೋಟಾದ ದ್ರಾಕ್ಷಿ ಬೆಳೆಗಾರರು ಏಪ್ರಿಲ್ ಚಾಟಣಿಯ, ಎಂದರೆ ಬಳ್ಳಿ ಸವರುವ ಕೆಲಸದ, ನಂತರ ಬಂದ ಬಳ್ಳಿಯಲ್ಲಿ ಕಾಪಾಡುವ ಕಣ್ಣು ಸಹ ಅಂಥ ಮೊಗ್ಗು. ಅಕ್ಟೋಬರ್ ಚಾಟಣಿಯಲ್ಲಿ ಕತ್ತರಿಯನ್ನು ಕಣ್ಣಿಗೆ ತಾಗಿಸದೆ, ಸ್ವಲ್ಪ ಮೇಲೆಯೇ ಹಾಕಿರಿ. ನಮಸ್ಕಾರ.