ಲಾರಿ ಹೋಯಿತೇ, ಭೂಮಿ ನಡುಗಿತೇ? ಮೊದಲ ಸಣ್ಣ ಭೂಕಂಪದ ಕುರಿತು

ಎಲ್ಲರಿಗೂ ನಮಸ್ಕಾರ.

ಸಣ್ಣ ಭೂಕಂಪವೊಂದನ್ನು ಮೊದಲ ಸಲ ಕಂಡವರನ್ನು ಕೇಳಿ ನೋಡಿ. "ಯಾವುದೋ ಲಾರಿ ಹೋಯಿತು ಅಂದುಕೊಂಡೆ", "ಮೇಲಿನ ಮನೆಯವರು ಬೀರು ಎಳೆದಾಡುತ್ತಿದ್ದಾರೆ ಅನ್ನಿಸಿತು", "ತಲೆ ಸುತ್ತು ಬಂತೇನೋ ಎಂದು ಗೋಡೆ ಹಿಡಿದೆ". ಉತ್ತರಗಳು ಹೆಚ್ಚುಕಡಿಮೆ ಇವೇ. ಪರಿಮಾಣ (ಭೂಕಂಪದ ಶಕ್ತಿಯ ಅಳತೆ) 3 ಅಥವಾ 4ರ ಕಂಪನದಲ್ಲಿ ಮೈಗೆ ತಿಳಿಯುವ ಅದುರಾಟ ಸಾಮಾನ್ಯವಾಗಿ ಕೆಲವೇ ಸೆಕೆಂಡು. ಅದರಲ್ಲಿ ಅರ್ಧ "ಇದೇನಿದು?" ಎನ್ನುವುದರಲ್ಲೇ ಹೋಗುತ್ತದೆ. ಸಣ್ಣ ಕಂಪನದಲ್ಲಿ ಹಾಗಾದರೆ ನಷ್ಟವಿಲ್ಲ. ದೊಡ್ಡದರಲ್ಲಿ ಆ ಮೂರ್ನಾಲ್ಕು ಸೆಕೆಂಡೇ ಮೇಜಿನ ಅಡಿಗೆ ಸೇರಲು ಸಿಗುವ ಹೊತ್ತು. ಆದ್ದರಿಂದ ಭೂಕಂಪವನ್ನು ಗುರುತಿಸುವುದು ಹೇಗೆ ಎನ್ನುವುದರಿಂದಲೇ ಶುರು ಮಾಡುತ್ತೇನೆ.

ನೆಲದಾಳದಲ್ಲಿ ಬಂಡೆ ಬಿರುಕಿನುದ್ದಕ್ಕೂ ಜಾರಿದಾಗ ಎರಡು ಬಗೆಯ ಅಲೆಗಳು ಒಟ್ಟಿಗೇ ಹೊರಡುತ್ತವೆ. ಮೊದಲು ಬಂದು ಮುಟ್ಟುವುದು ಪಿ ಅಲೆ. ಅದು ಬಂಡೆಯನ್ನು ಹಿಂದೆ ಮುಂದೆ ಒತ್ತುತ್ತಾ, ಭೂಮಿಯ ಮೇಲ್ಪದರದಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಹಿಂದಿನಿಂದ ಬರುವ ಎಸ್ ಅಲೆಯ ವೇಗ ಸುಮಾರು 3.5 ಕಿ.ಮೀ. ಅಡ್ಡಡ್ಡಲಾಗಿ ಅಲ್ಲಾಡಿಸುವುದು ಇದೇ, ಹಾನಿ ಮಾಡುವುದೂ ಬಹುಮಟ್ಟಿಗೆ ಇದೇ. ಹೀಗಾಗಿ ಹತ್ತಿರದ ಕಂಪನ ಎರಡು ಪೆಟ್ಟಿನಂತೆ ಬರುತ್ತದೆ. ಮೊದಲು "ಧಡ್" ಎಂಬ ಒಂದು ಗುದ್ದು, ಒಂದು ಕ್ಷಣದ ಬಿಡುವು, ಆಮೇಲೆ ಅಲ್ಲಾಟ. ಆ ಬಿಡುವನ್ನು ಸೆಕೆಂಡಿನಲ್ಲಿ ಎಣಿಸಿ 8ರಿಂದ ಗುಣಿಸಿದರೆ ಕಂಪನ ಹುಟ್ಟಿದ ಜಾಗಕ್ಕಿರುವ ದೂರ ಕಿಲೋಮೀಟರಿನಲ್ಲಿ ಸರಿಸುಮಾರು ಸಿಗುತ್ತದೆ. ಮೂರು ಸೆಕೆಂಡು ಎಂದರೆ 24 ಕಿ.ಮೀ. ಮಿಂಚಿಗೂ ಗುಡುಗಿಗೂ ನಡುವಿನ ಹೊತ್ತನ್ನು ಎಣಿಸುವ ಲೆಕ್ಕವೇ ಇದು. ಇಲ್ಲಿ ಮಾತ್ರ ಎರಡೂ ಬರುವುದು ಕಾಲಡಿಯಿಂದ.

ಸದ್ದಿನ ವಿಷಯ. ಮೇಲ್ಮೈಗೆ ಹತ್ತಿರದಲ್ಲಿ ಹುಟ್ಟಿದ ಸಣ್ಣ ಕಂಪನಗಳಲ್ಲಿ ಗುಡುಗಿನಂತೆಯೋ ದೂರದಲ್ಲಿ ಬಂಡೆ ಸಿಡಿಸಿದಂತೆಯೋ ಸದ್ದು ಕೇಳುವುದುಂಟು. ಪಿ ಅಲೆಯ ಕಂಪನ ನೆಲದಿಂದ ಗಾಳಿಗೆ ದಾಟುವುದೇ ಇದಕ್ಕೆ ಕಾರಣ. ಕೆಲವೊಮ್ಮೆ ಸದ್ದು ಮಾತ್ರ ಕೇಳಿ ಅಲ್ಲಾಟ ತಿಳಿಯುವುದೇ ಇಲ್ಲ. ಸದ್ದು ದೊಡ್ಡದಾಗಿತ್ತು ಎಂದ ಮಾತ್ರಕ್ಕೆ ಭೂಕಂಪವೂ ದೊಡ್ಡದೆಂದು ತಿಳಿಯಬೇಡಿ.

ಹಾಗಾದರೆ ಲಾರಿಗೂ ಭೂಕಂಪಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ಲಾರಿಯ ಅದುರು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ, ರಸ್ತೆಯ ಬದಿಯ ಕೋಣೆಯಲ್ಲಿ ಜಾಸ್ತಿ ಇರುತ್ತದೆ, ಜೊತೆಗೆ ಎಂಜಿನ್ ಸದ್ದು ಸಾಗಿ ಹೋಗುತ್ತದೆ. ಭೂಕಂಪ ಒಮ್ಮೆಲೇ ಶುರುವಾಗುತ್ತದೆ, ಹಿಂದಿನ ಕೋಣೆಯೂ ಮುಂದಿನಷ್ಟೇ ಅದುರುತ್ತದೆ. ವಿಮಾನ ಶಬ್ದದ ವೇಗ ಮೀರಿದಾಗ ಏಳುವ ಸ್ಫೋಟದಂಥ ಸದ್ದಿಗೆ ಕಿಟಕಿಯ ಗಾಜು ಗಡಗಡ ಎನ್ನುತ್ತದೆ, ನೆಲ ಮಾತ್ರ ಸುಮ್ಮನಿರುತ್ತದೆ. ಕಲ್ಲುಗಣಿಯ ಸಿಡಿತ ಒಂದೇ ಪೆಟ್ಟಿಗೆ ಮುಗಿಯುತ್ತದೆ, ಸಾಮಾನ್ಯವಾಗಿ ಹಗಲಿನ ಕೆಲಸದ ಹೊತ್ತಿನಲ್ಲೇ ಬರುತ್ತದೆ. ಇನ್ನೊಂದು ಗುರುತು ತೂಗುವ ವಸ್ತುಗಳದ್ದು. ನೆಲ ನಿಂತ ಮೇಲೂ ತೂಗುದೀಪ ಇನ್ನಷ್ಟು ಹೊತ್ತು ಓಲಾಡುತ್ತಿರುತ್ತದೆ. ಸಂದೇಹ ಬಂದರೆ ಮೊದಲು ಅದನ್ನು ನೋಡಿ.

ಇದಕ್ಕೆ ಪೂರಾ ಬೇರೆಯಾದ ಅನುಭವವೂ ಒಂದಿದೆ. ಎತ್ತರದ ಕಟ್ಟಡದ ಮೇಲಿನ ಮಹಡಿಯಲ್ಲಿ ತೊಟ್ಟಿಲಿನಂತೆ ನಿಧಾನವಾದ ತೂಗಾಟ, ನೆಲಮಹಡಿಯವರಿಗೆ ಏನೂ ಗೊತ್ತೇ ಇಲ್ಲ. ಅದು ಬಹುಪಾಲು ದೂರದಲ್ಲಿ ಆದ ದೊಡ್ಡ ಭೂಕಂಪ. ಚುರುಕಾದ ಕಂಪನಗಳು ದಾರಿಯಲ್ಲೇ ಸೊರಗುತ್ತವೆ, ನಿಧಾನದ ಅಲೆಗಳು ಬಹುದೂರ ಬರುತ್ತವೆ. ಹತ್ತು ಮಹಡಿಯ ಕಟ್ಟಡ ಸ್ವಭಾವತಃ ಒಂದು ಸೆಕೆಂಡಿಗೆ ಒಂದು ತೂಗಿನ ಆಸುಪಾಸಿನಲ್ಲಿ ಓಲಾಡುತ್ತದೆ, ಆದ್ದರಿಂದ ಆ ಅಲೆಗಳಿಗೆ ಅದು ಬೇಗ ಸ್ಪಂದಿಸುತ್ತದೆ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರ ಕುಸಿದದ್ದು 350 ಕಿ.ಮೀ.ಗೂ ಹೆಚ್ಚು ದೂರದ ಭೂಕಂಪದಿಂದ. ಹಳೆಯ ಕೆರೆಯ ತಳದ ಮೆತ್ತನೆ ಮಣ್ಣು ಎರಡು ಸೆಕೆಂಡಿನ ಅಲೆಗಳನ್ನು ಹಿಗ್ಗಿಸಿತು, ಮಧ್ಯಮ ಎತ್ತರದ ಕಟ್ಟಡಗಳಿಗೇ ಹೆಚ್ಚು ಪೆಟ್ಟು ಬಿತ್ತು.

ಈಗ ನೆಲ ಅದುರುತ್ತಿರುವಾಗ ಏನು ಮಾಡಬೇಕು ಎನ್ನುವುದಕ್ಕೆ ಬರೋಣ. ಇದು ಸಣ್ಣದೋ ದೊಡ್ಡದೋ ಎಂದು ಮೊದಲ ಗುದ್ದಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಮಾಡುವ ಕೆಲಸ ಒಂದೇ ಇರಲಿ: ಬಗ್ಗಿ, ಮರೆಗೆ ಸೇರಿ, ಹಿಡಿದುಕೊಳ್ಳಿ. ಮಂಡಿಯೂರಿ ಕೈ ನೆಲಕ್ಕೆ ಕೊಟ್ಟರೆ ಬೀಳುವ ಭಯವಿಲ್ಲ. ಗಟ್ಟಿ ಮೇಜಿನ ಅಡಿಗೆ ಸರಿದು ಒಂದು ಕೈಯಿಂದ ತಲೆ ಮತ್ತು ಕುತ್ತಿಗೆ ಮುಚ್ಚಿಕೊಳ್ಳಿ, ಇನ್ನೊಂದರಿಂದ ಮೇಜಿನ ಕಾಲು ಹಿಡಿದುಕೊಳ್ಳಿ. ಮೇಜು ನಡೆದಾಡುತ್ತದೆ, ಅದರೊಂದಿಗೆ ನೀವೂ ಸರಿಯಬೇಕು. ಮೇಜಿಲ್ಲದಿದ್ದರೆ ಕಿಟಕಿಯಿಂದ ದೂರವಿರುವ ಒಳಗೋಡೆಯ ಬುಡ ಸಾಕು. ಹಾಸಿಗೆಯಲ್ಲಿದ್ದರೆ ಏಳಬೇಡಿ, ಬೋರಲಾಗಿ ಮಲಗಿ ದಿಂಬಿನಿಂದ ತಲೆ ಮುಚ್ಚಿಕೊಳ್ಳಿ. ಕತ್ತಲಲ್ಲಿ ಎದ್ದು ಓಡಿದವರ ಅಂಗಾಲಿಗೆ ಒಡೆದ ಗಾಜು ಚುಚ್ಚುವುದು ಬಹಳ ಸಾಮಾನ್ಯವಾದ ಗಾಯ. ಬಾಗಿಲ ಚೌಕಟ್ಟಿನಲ್ಲಿ ನಿಲ್ಲಬೇಕೆಂಬ ಹಳೆಯ ಸಲಹೆಯನ್ನು ಬಿಟ್ಟುಬಿಡಿ. ಈಗಿನ ಮನೆಗಳಲ್ಲಿ ಬಾಗಿಲು ಉಳಿದ ಗೋಡೆಗಿಂತ ಬಲವಾದದ್ದಲ್ಲ, ಮೇಲಾಗಿ ರಪ್ಪನೆ ಬಡಿಯುವ ಕದ ಬೆರಳು ಜಜ್ಜುತ್ತದೆ.

ಇದಕ್ಕೊಂದು ಅಪವಾದವಿದೆ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಮಣ್ಣಿನ ಗೋಡೆ, ಅಥವಾ ಗಾರೆಯಿಲ್ಲದ ಕಲ್ಲುಗೋಡೆಯ ಮೇಲೆ ಭಾರದ ಚಾವಣಿ ಇರುವ ಮನೆಯಲ್ಲಿ, ನೀವು ನೆಲಮಹಡಿಯಲ್ಲಿದ್ದು ಎರಡು ಮೂರು ಹೆಜ್ಜೆಯಲ್ಲೇ ಬಯಲು ಸಿಗುವುದಾದರೆ ಹೊರಗೆ ಹೋಗುವುದೇ ಮೇಲು. ಅಂಥ ಮನೆ ಬಿದ್ದರೆ ಮೇಜು ತಡೆಯುವುದಿಲ್ಲ. ನಿಮ್ಮ ಮನೆ ಯಾವ ಬಗೆಯದು ಎನ್ನುವುದನ್ನು ಇವತ್ತೇ ನಿರ್ಧರಿಸಿಕೊಳ್ಳಿ. ಅದುರುವಾಗ ಯೋಚಿಸಲು ಬಿಡುವಿರುವುದಿಲ್ಲ.

ಲಿಫ್ಟಿನಲ್ಲಿದ್ದರೆ ಎಲ್ಲ ಮಹಡಿಯ ಗುಂಡಿಗಳನ್ನೂ ಒತ್ತಿ, ಮೊದಲು ತೆರೆದಲ್ಲಿ ಇಳಿಯಿರಿ. ವಾಹನ ಓಡಿಸುತ್ತಿದ್ದರೆ ಸೇತುವೆ, ಕಂಬ, ತಂತಿಗಳಿಂದ ದೂರ ನಿಲ್ಲಿಸಿ ಒಳಗೇ ಕೂತಿರಿ. ಸಮುದ್ರದಂಡೆಯಲ್ಲಿ ಅದುರಾಟ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ನಡೆದರೆ ಎಚ್ಚರಿಕೆ ಬರಲೆಂದು ಕಾಯದೆ ಎತ್ತರದ ಜಾಗಕ್ಕೆ ನಡೆಯಿರಿ.

ನಿಂತ ಮೇಲೆ? ಹೆಚ್ಚಿನವರ ಕೈ ಮೊದಲು ಹೋಗುವುದು ಲೈಟಿನ ಸ್ವಿಚ್ಚಿಗೆ, ಆಮೇಲೆ ಫೋನಿಗೆ. ಎರಡಕ್ಕೂ ಮೊದಲು ಮೂಗಿಗೆ ಕೆಲಸ ಕೊಡಿ. ಗ್ಯಾಸ್ ವಾಸನೆ ಇದ್ದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲೂ ಕಿಡಿ ಏಳುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಬನ್ನಿ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಆದ್ದರಿಂದ ಮೇಲಿನ ಕಿಟಕಿ ಮಾತ್ರ ತೆರೆದರೆ ಸಾಲದು, ಬಾಗಿಲೂ ತೆರೆದಿರಬೇಕು. ವಾಸನೆ ಇಲ್ಲದಿದ್ದರೂ ಕೊಳವೆಯ ಕೂಡುಜಾಗಕ್ಕೆ ಸಾಬೂನು ನೀರು ಸವರಿ, ಗುಳ್ಳೆ ಏಳುತ್ತದೆಯೇ ನೋಡಿ. ಕಡ್ಡಿ ಗೀರಿ ಪರೀಕ್ಷಿಸುವ ಅಭ್ಯಾಸ ಪ್ರಾಣಕ್ಕೆ ಎರವು. ಹೊರಗೆ ಬಂದವರು ಕಟ್ಟಡದ ಬುಡದಲ್ಲೇ ಗುಂಪುಗೂಡಿ ನಿಲ್ಲುವುದೂ ದೊಡ್ಡ ತಪ್ಪು. ಬೀಳುವ ಗಾಜು, ಹೂಕುಂಡ, ಪ್ಯಾರಾಪೆಟ್ಟಿನ ಇಟ್ಟಿಗೆ ಬರುವುದು ಅಲ್ಲಿಗೇ.

ಆಮೇಲೆ ಸುದ್ದಿಯಲ್ಲಿ ಒಂದು ಅಂಕಿ ಬರುತ್ತದೆ: 3.4, 4.1, ಹೀಗೆ. ಅದನ್ನು ನಮ್ಮ ಸುದ್ದಿಗಳು "ತೀವ್ರತೆ" ಎನ್ನುತ್ತವೆ, ಗೊಂದಲ ಹುಟ್ಟುವುದು ಅಲ್ಲೇ. ಅದು ಪರಿಮಾಣ, ಅಂದರೆ ಕಂಪನ ಹುಟ್ಟಿದ ಜಾಗದಲ್ಲಿ ಎಷ್ಟು ಶಕ್ತಿ ಬಿಡುಗಡೆಯಾಯಿತು ಎಂಬುದರ ಅಳತೆ. ಒಂದು ಭೂಕಂಪಕ್ಕೆ ಇರುವುದು ಒಂದೇ ಪರಿಮಾಣ. ತೀವ್ರತೆ ಎಂದರೆ ನೀವು ನಿಂತ ಜಾಗ ಎಷ್ಟು ಅಲ್ಲಾಡಿತು ಎನ್ನುವುದು. ಅದು ಬೀದಿಯಿಂದ ಬೀದಿಗೆ ಬದಲಾಗುತ್ತದೆ. ಚಾರ್ಲ್ಸ್ ರಿಕ್ಟರ್ 1935ರಲ್ಲಿ ಕೊಟ್ಟದ್ದು ಪರಿಮಾಣದ ಮಾಪಕ. ಇಟಲಿಯ ಜುಸೆಪ್ಪೆ ಮೆರ್ಕಾಲಿಯ ಹೆಸರಿನದು ತೀವ್ರತೆಯ ಮಾಪಕ. ಅದರಲ್ಲಿ ಮೂರನೆಯ ಹಂತ ಎಂದರೆ ಮನೆಯೊಳಗಿದ್ದವರಿಗೆ ಲಾರಿ ಹಾದುಹೋದಂತೆ ಅನ್ನಿಸುವುದು. ನಾಲ್ಕನೆಯದರಲ್ಲಿ ಪಾತ್ರೆ, ಕಿಟಕಿ, ಬಾಗಿಲು ಸದ್ದು ಮಾಡುತ್ತವೆ. ಐದನೆಯದರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಿಳಿಯುತ್ತದೆ, ಮಲಗಿದವರು ಏಳುತ್ತಾರೆ, ಭದ್ರವಿಲ್ಲದ ವಸ್ತುಗಳು ಉರುಳುತ್ತವೆ. ಮೊದಲ ಅನುಭವಗಳಲ್ಲಿ ಬಹಳಷ್ಟು ಈ ಮೂರರೊಳಗೇ ಬರುತ್ತವೆ.

ಪರಿಮಾಣದಲ್ಲಿ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು, ಎರಡು ಏರಿದರೆ 1,000 ಪಟ್ಟು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಎಲ್ಲೆಡೆ ಕೇಳಿಬರುವ ಸಮಾಧಾನದ ಮಾತೊಂದನ್ನು ಪರೀಕ್ಷಿಸೋಣ: "ಸಣ್ಣ ಸಣ್ಣದು ಆಗುತ್ತಿದ್ದರೆ ಒಳ್ಳೆಯದು, ಒತ್ತಡ ಇಳಿಯುತ್ತದೆ." 7ರ ಭೂಕಂಪವೊಂದರ ಶಕ್ತಿಯನ್ನು 3ರ ಕಂಪನಗಳಿಂದ ಇಳಿಸಬೇಕಾದರೆ ಅಂಥವು ಹತ್ತು ಲಕ್ಷ ಆಗಬೇಕು. ಸಣ್ಣದು ದೊಡ್ಡದರ ಸಾಲ ತೀರಿಸುವುದಿಲ್ಲ.

ಈ ತಪ್ಪು ನಂಬಿಕೆಯ ಬೆಲೆ ಏನೆಂದು ಇಟಲಿಯ ಲಾಕ್ವಿಲಾ ಕಂಡಿದೆ. 2009ರ ಆರಂಭದಿಂದ ಅಲ್ಲಿ ತಿಂಗಳುಗಟ್ಟಲೆ ಸಣ್ಣ ಕಂಪನಗಳು ನಡೆದಿದ್ದವು. ಶಕ್ತಿ ಸತತವಾಗಿ ಹೊರಹೋಗುತ್ತಿರುವುದರಿಂದ ಪರಿಸ್ಥಿತಿ ಅನುಕೂಲಕರವೇ ಎಂಬರ್ಥದ ಮಾತನ್ನು ಅಧಿಕಾರಿಯೊಬ್ಬರು ಆಡಿದರು. ಅಲುಗಿದಾಗ ಮನೆ ಬಿಟ್ಟು ಬಯಲಲ್ಲಿ ರಾತ್ರಿ ಕಳೆಯುವುದು ಅಲ್ಲಿನವರ ಹಳೆಯ ರೂಢಿ. ಏಪ್ರಿಲ್ 5ರ ರಾತ್ರಿ 3.9ರ ಕಂಪನವಾದ ಮೇಲೂ ಎಷ್ಟೋ ಮಂದಿ ಧೈರ್ಯ ತಂದುಕೊಂಡು ಒಳಗೇ ಮಲಗಿದರು. ನಸುಕಿನ 3 ಗಂಟೆ 32 ನಿಮಿಷಕ್ಕೆ 6.3ರ ಭೂಕಂಪ ಬಂತು. 309 ಜನ ಸತ್ತರು.

ಹಾಗೆಂದು ಪ್ರತಿ ಸಣ್ಣ ಕಂಪನವೂ ದೊಡ್ಡದರ ಮುನ್ಸೂಚನೆ ಎಂದೂ ಹೇಳಲಾಗದು. ಒಂದು ಕಂಪನದ ನಂತರ ಮೂರು ದಿನದೊಳಗೆ ಅದೇ ಸುತ್ತಿನಲ್ಲಿ ಅದಕ್ಕಿಂತ ದೊಡ್ಡದು ಬರುವ ಸಂಭವ ಸ್ಥೂಲವಾಗಿ ನೂರರಲ್ಲಿ ಐದಾರು. ಮೊದಲ ದಿನವೇ ಈ ಸಂಭವ ಹೆಚ್ಚು, ಆಮೇಲೆ ಬೇಗ ಇಳಿಯುತ್ತದೆ. ಮರುಕಂಪನಗಳಿಗೂ ಇಂಥದೇ ನಿಯಮ. ಜಪಾನಿನ ಫುಸಾಕಿಚಿ ಓಮೋರಿ 1894ರಲ್ಲೇ ತೋರಿಸಿದಂತೆ, ಹತ್ತನೆಯ ದಿನದ ಮರುಕಂಪನಗಳ ಸಂಖ್ಯೆ ಮೊದಲ ದಿನದ ಹತ್ತರಲ್ಲಿ ಒಂದು ಭಾಗದಷ್ಟು. ಅವುಗಳಲ್ಲಿ ಅತಿ ದೊಡ್ಡದು ಸರಾಸರಿಯಲ್ಲಿ ಮೂಲ ಕಂಪನಕ್ಕಿಂತ 1.2 ಅಂಕಿ ಕಡಿಮೆ. 4ರ ಕಂಪನವಾದರೆ 2.8ರಷ್ಟನ್ನು ನಿರೀಕ್ಷಿಸಬಹುದು, ಅದು ಅನೇಕರಿಗೆ ತಿಳಿಯುವುದೂ ಇಲ್ಲ. ಆದರೆ "ಇಂದು ರಾತ್ರಿ ಎರಡು ಗಂಟೆಗೆ ಮತ್ತೆ ಬರುತ್ತದಂತೆ" ಎಂಬ ಸಂದೇಶ ಮೊಬೈಲಿಗೆ ಬಂದರೆ ಅದು ಖಂಡಿತ ಸುಳ್ಳು. ದಿನ, ಗಂಟೆ, ಜಾಗ ಹೇಳಿ ಭೂಕಂಪವನ್ನು ಮುನ್ನುಡಿಯುವ ವಿದ್ಯೆ ಇನ್ನೂ ಯಾರ ಬಳಿಯೂ ಇಲ್ಲ.

ನೂರರಲ್ಲಿ ಐದಾರು ಎಂದರೆ ನಿದ್ದೆ ಬಿಡುವಷ್ಟೇನಲ್ಲ. ಒಂದು ಸಂಜೆಯ ಕೆಲಸ ಮಾಡುವಷ್ಟು ಮಾತ್ರ ಹೌದು. ಆ ಸಂಜೆ ಮನೆಯನ್ನು ಎರಡು ಕಣ್ಣಿನಿಂದ ನೋಡಿ: ಏನು ಬಿರಿದಿದೆ, ಏನು ಬೀಳಬಹುದು.

ಮೊದಲು ಬಿರುಕು. ಕಾಂಕ್ರೀಟ್ ತೊಲೆಗೂ ಕೆಳಗಿನ ಇಟ್ಟಿಗೆ ಗೋಡೆಗೂ ನಡುವೆ ಕೂದಲೆಳೆಯಂಥ ಅಡ್ಡ ಬಿರುಕು ಕಂಡರೆ ಅದು ಬಹುಮಟ್ಟಿಗೆ ಗಿಲಾವಿನದು. ಎರಡು ಬೇರೆ ಬೇರೆ ವಸ್ತುಗಳು ಸೇರುವ ಗೆರೆ ಅದು, ಬೇಗ ಬಿಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಗೋಡೆಯ ಎರಡೂ ಬದಿಯಲ್ಲಿ ಕಂಡರೆ ಅದು ಗಿಲಾವನ್ನು ದಾಟಿ ಒಳಗೆ ಹೋಗಿದೆ. ಕಂಬ ಮತ್ತು ತೊಲೆ ಕೂಡುವಲ್ಲಿ ಬಿರುಕು, ಗುಣಾಕಾರ ಚಿಹ್ನೆಯಂತೆ ದಾಟುವ ಬಿರುಕು, ಎರಡು ಗೋಡೆ ಸೇರುವ ಮೂಲೆಯಲ್ಲಿ ಮೇಲಿಂದ ಕೆಳಗೆ ಬಿಟ್ಟ ಸೀಳು, ನಿನ್ನೆವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಬಿಗಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಎಂಜಿನಿಯರರನ್ನು ಕರೆಸಿ. ಅವರು ನೋಡುವ ಮೊದಲು ಗಾರೆ ಮೆತ್ತಿ ಬಣ್ಣ ಬಳಿಯಬೇಡಿ. ಮೆತ್ತಿದ ಬಿರುಕು ವಾಸಿಯಾಗುವುದಿಲ್ಲ, ಅದರ ಸಾಕ್ಷಿ ಮಾತ್ರ ಅಳಿಯುತ್ತದೆ. ಉಳಿದ ಬಿರುಕುಗಳ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಗೆರೆ ದಾಟಿ ಬೆಳೆದರೆ ಆಗ ಚಿಂತಿಸಬೇಕು. ನಲ್ಲಿ ಕೊಳವೆಯ ಕೂಡುಜಾಗ, ಚಾವಣಿಯ ನೀರಿನ ಟ್ಯಾಂಕಿನ ಬುಡ, ಇವನ್ನೂ ಒಂದು ಸುತ್ತು ನೋಡಿ.

ಎರಡನೆಯದು ಬೀಳುವ ವಸ್ತುಗಳು. ಎತ್ತರದ, ಆಳ ಕಡಿಮೆಯಿರುವ ಬೀರು, ಪುಸ್ತಕದ ಕಪಾಟು ಮುಂದಕ್ಕೆ ಮಗುಚುತ್ತವೆ. ಅವುಗಳ ಮೇಲಂಚನ್ನು ಎರಡು ಕಡೆ ಎಲ್ ಆಕಾರದ ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿಸಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಗಿಡ್ಡ ಸ್ಕ್ರೂ. ಗಿಲಾವಿನ ದಪ್ಪವೇ 12ರಿಂದ 15 ಮಿ.ಮೀ. ಇರುತ್ತದೆ, ಸ್ಕ್ರೂ ಅದನ್ನು ದಾಟಿ ಇಟ್ಟಿಗೆಯ ಮೈಯನ್ನು ಚೆನ್ನಾಗಿ ಹಿಡಿಯಬೇಕು. ಇಟ್ಟಿಗೆಗಳ ನಡುವಿನ ಗಾರೆಗೆ ಹೊಡೆದರೆ ಎಳೆದಾಗ ಪ್ಲಗ್ ಸಮೇತ ಕಿತ್ತು ಬರುತ್ತದೆ. ಭಾರದ ವಸ್ತುಗಳು ಕೆಳಗಿನ ಅರೆಗೆ ಹೋಗಲಿ. ಮಂಚದ ತಲೆಯ ಕಡೆ ಗಾಜಿನ ಚೌಕಟ್ಟಾಗಲಿ ಅರೆಯಾಗಲಿ ಬೇಡ. ಒಂದು ಚೀಲದಲ್ಲಿ ಚಪ್ಪಲಿ ಮತ್ತು ಟಾರ್ಚ್ ಹಾಕಿ ಮಂಚದ ಕಾಲಿಗೆ ಕಟ್ಟಿ. ಸುಮ್ಮನೆ ಕೆಳಗಿಟ್ಟರೆ ಅದುರಿಗೆ ಎಲ್ಲೋ ಜಾರಿ ಕತ್ತಲಲ್ಲಿ ಸಿಗುವುದಿಲ್ಲ.

ಅನುಭವವನ್ನು ದಾಖಲಿಸುವುದೂ ಮುಖ್ಯ. ಅಮೆರಿಕದ ಭೂವಿಜ್ಞಾನ ಸಮೀಕ್ಷೆ ಮತ್ತು ಯುರೋಪಿನ ಭೂಕಂಪ ಕೇಂದ್ರ ಜಗತ್ತಿನ ಎಲ್ಲೆಡೆಯ ಜನರಿಂದ ಇಂಥ ವರದಿ ಪಡೆಯುತ್ತವೆ. ಭೂಕಂಪ ಮಾಪಕಗಳು ವಿರಳವಾಗಿರುವ ಕಡೆ ಈ ವರದಿಗಳಿಂದಲೇ ತೀವ್ರತೆಯ ನಕ್ಷೆ ತುಂಬುತ್ತದೆ. ಸುದ್ದಿ ನೋಡುವ ಮೊದಲೇ ಬರೆದಿಡಿ, ನೋಡಿದ ಮೇಲೆ ನೆನಪು ಸುದ್ದಿಯ ಹಿಂದೆ ಹೋಗುತ್ತದೆ. ಸಮಯ, ಎಷ್ಟನೇ ಮಹಡಿ, ಕೂತಿದ್ದಿರೋ ಮಲಗಿದ್ದಿರೋ ನಡೆಯುತ್ತಿದ್ದಿರೋ, ಗುದ್ದೋ ತೂಗಾಟವೋ, ಸದ್ದು ಮೊದಲೋ ಅದುರು ಮೊದಲೋ, ಏನು ಅಲುಗಿತು, ಏನು ಬಿತ್ತು, ಇಷ್ಟಿದ್ದರೆ ಸಾಕು. "ನಮಗೆ ಏನೂ ಗೊತ್ತಾಗಲಿಲ್ಲ" ಎನ್ನುವ ವರದಿಗೂ ಅಷ್ಟೇ ಬೆಲೆ, ಕಂಪನ ಎಲ್ಲಿಯವರೆಗೆ ಮುಟ್ಟಿತು ಎಂಬ ಗಡಿ ತಿಳಿಯುವುದು ಅದರಿಂದಲೇ. ಮೊದಲು ಬಂದ ಪರಿಮಾಣದ ಅಂಕಿ ಒಂದೆರಡು ಗಂಟೆಯಲ್ಲಿ ಬದಲಾದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳಬೇಡಿ. ಮೊದಲನೆಯದು ಯಂತ್ರದ ಲೆಕ್ಕ, ಆಮೇಲಿನದು ಹೆಚ್ಚು ಕೇಂದ್ರಗಳ ದಾಖಲೆ ನೋಡಿ ಮನುಷ್ಯರು ತಿದ್ದಿದ್ದು.

ಕೊನೆಯದಾಗಿ, ಮುಂದಿನ ಕೆಲವು ದಿನ ಕೂತಲ್ಲೇ ನೆಲ ಅಲುಗಿದಂತೆ ಅನ್ನಿಸುವುದುಂಟು. ಕಾಯಿಲೆಯೇನಲ್ಲ. ಒಮ್ಮೆ ಬೆಚ್ಚಿದ ಮೈ ಪ್ರತಿ ಸಣ್ಣ ಅದುರಿಗೂ ಕಾದು ಕೂತಿರುತ್ತದೆ, ಮಕ್ಕಳಿಗೆ ಇದು ಇನ್ನೂ ಜಾಸ್ತಿ. ಮೇಜಿನ ಮೇಲೆ ಅರ್ಧ ಲೋಟ ನೀರಿಟ್ಟುಕೊಳ್ಳಿ. ಹಾಗೆ ಅನ್ನಿಸಿದ ಕೂಡಲೇ ನೀರಿನ ಮೇಲ್ಮೈ ನೋಡಿ, ಮಗುವಿಗೂ ತೋರಿಸಿ. ನೀರು ಸುಮ್ಮನಿದ್ದರೆ ನೆಲವೂ ಸುಮ್ಮನಿದೆ. ನೀರು ನಡುಗುತ್ತಿದ್ದರೆ ಮೇಜಿನ ಅಡಿಗೆ ಸೇರಿ.